ಮನೆಯೊಳಗಿನ ಆಟದ ಜಾಲ

ಪಗಡೆಯಾಡುವ ನಾಲ್ವರು ಒಂದೇ ಹಾಸಿನ ಸುತ್ತಲೂ ಕುಳಿತಿರುತ್ತಾರೆ. ಒಬ್ಬನು ಕಾಯಿ ನಡೆಸಿದೊಡನೆ ಅದು ಮಿಕ್ಕ ಮೂವರ ಕಣ್ಣಿಗೂ ಬೀಳುತ್ತದೆ. ಅದು ಒಬ್ಬನಿಗೆ ಬೇಗ ಕಂಡಿತು, ಇನ್ನೊಬ್ಬನಿಗೆ ತಡವಾಗಿ ಕಂಡಿತು ಎಂಬ ತಕರಾರಿಗೆ ಅಲ್ಲಿ ಎಡೆಯೇ ಇಲ್ಲ. ಸೋಲು ಗೆಲವುಗಳನ್ನು ದಾಳವೂ ಆಡುವವರ ಜಾಣ್ಮೆಯೂ ನಿರ್ಣಯಿಸುತ್ತವೆಯೇ ಹೊರತು ಅವರು ಕುಳಿತ ಜಾಗವಲ್ಲ.

ಹಲವರು ಕೂಡಿ ಗಣಕಯಂತ್ರಗಳಲ್ಲಿ ಆಡುವ ಆಟದ ಸಂಗತಿ ಹಾಗಲ್ಲ. ಎಂಟು ಮಂದಿ ಆಡುತ್ತಿದ್ದರೆ ಅಲ್ಲಿ ಎಂಟು ಹಾಸುಗಳಿವೆ ಎಂದೇ ಭಾವಿಸಬೇಕು. ಆಟದ ಕಣದ ಒಂದೊಂದು ಪ್ರತಿಯನ್ನು ಒಂದೊಂದು ಯಂತ್ರವೂ ತನ್ನಲ್ಲಿ ಇಟ್ಟುಕೊಂಡಿರುತ್ತದೆ. ಒಬ್ಬನು ಹೆಜ್ಜೆಯಿಟ್ಟ ಸುದ್ದಿ ಮಿಕ್ಕ ಏಳು ಯಂತ್ರಗಳಿಗೂ ತಲಪಿ, ಎಂಟು ಪ್ರತಿಗಳೂ ಒಂದೇ ಬಗೆಯಾಗಿ ತಿದ್ದಲ್ಪಡಬೇಕು. ಈ ಸುದ್ದಿಯನ್ನು ಒಯ್ಯುವ ಏರ್ಪಾಡಿಗೆ ಜಾಲವೆಂದು ಹೆಸರು. ಯಾವನಿಗೆ ಸುದ್ದಿ ತಡವಾಗಿ ತಲಪುವುದೋ ಅವನು ಈಗಿನ ಕಣವನ್ನು ನೋಡುತ್ತಿಲ್ಲ, ಕಳೆದುಹೋದ ಕಣವನ್ನು ನೋಡುತ್ತಿದ್ದಾನೆ. ಎದುರಾಳಿ ಅಲ್ಲಿಲ್ಲದಾಗ ಅವನು ಗುರಿಯಿಡುತ್ತಾನೆ. ತನ್ನ ತಪ್ಪಿಲ್ಲದೆಯೇ ಸೋಲುತ್ತಾನೆ. ಆದುದರಿಂದ ಮನೆಯಲ್ಲಿ ಗೆಳೆಯರನ್ನು ಕೂಡಿಸಿ ಆಟದ ಸಂಜೆಯನ್ನು ನಡೆಸಬೇಕೆನ್ನುವವರು ಮೊದಲು ಗಮನಿಸಬೇಕಾದುದು ಇದು: ಜಾಲದ ಕೆಲಸ ಎಲ್ಲರಿಗೂ ಸುದ್ದಿಯನ್ನು ಬೇಗನೆ, ಸಮನಾಗಿ ಮುಟ್ಟಿಸುವುದು.

ಇಂತಹ ಜಾಲವನ್ನು ಬೆಂಗಳೂರಿನ ಹಳೆಯ ಬಡಾವಣೆಯ ಒಂದು ಮನೆಯಲ್ಲಿ ಹೇಗೆ ಕಟ್ಟಬಹುದೆಂಬುದನ್ನು ಈಗ ವಿಚಾರ ಮಾಡೋಣ. 1892ರಲ್ಲಿ ಹುಟ್ಟಿದ ಚಾಮರಾಜಪೇಟೆಯಲ್ಲಿಯೂ, 1898ರ ಪ್ಲೇಗಿನ ಕಾಲದಲ್ಲಿ ರೂಪುಗೊಂಡ ಬಸವನಗುಡಿ ಮಲ್ಲೇಶ್ವರಗಳಲ್ಲಿಯೂ ದಪ್ಪ ಗೋಡೆ, ಕೆಂಪು ಗಾರೆಯ ನೆಲ, ಮದರಾಸು ತಾರಸಿಗಳುಳ್ಳ ಮನೆಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಈ ಮನೆಗಳ ಗುಣದೋಷಗಳೇ ನಮ್ಮ ಪಾಠಕ್ಕೆ ಒಳ್ಳೆಯ ಉದಾಹರಣೆಗಳಾಗುತ್ತವೆ.

ಪ್ರಮಾಣವೂ ವಿಳಂಬವೂ

ಜಾಲದ ಮಾತು ಬಂದಾಗ ಸಾಮಾನ್ಯವಾಗಿ ಜನರು ಕೇಳುವ ಪ್ರಶ್ನೆ, "ಎಷ್ಟು ಮೆಗಾಬಿಟ್ಟು?" ಎಂಬುದು. ಇದು ಪ್ರಮಾಣದ ಪ್ರಶ್ನೆ. ಒಂದು ಸೆಕೆಂಡಿನಲ್ಲಿ ಎಷ್ಟು ಸರಕು ಸಾಗುವುದೆಂಬ ಪ್ರಶ್ನೆ. ಆದರೆ ಹೊರಟ ಸುದ್ದಿ ಎಷ್ಟು ಹೊತ್ತಿಗೆ ತಲಪುವುದೆಂಬುದು ಬೇರೆಯೇ ಪ್ರಶ್ನೆ. ಗಾಂಧಿಬಜಾರಿನಿಂದ ಮಲ್ಲೇಶ್ವರಕ್ಕೆ ಲಾರಿ ತುಂಬ ಪುಸ್ತಕ ಕಳುಹಿಸಬಹುದು. ಒಂದು ಚೀಟಿಯನ್ನು ಕೊಟ್ಟು ಸೈಕಲ್ಲಿನ ಹುಡುಗನನ್ನೂ ಕಳುಹಿಸಬಹುದು. ಲಾರಿಯ ಪ್ರಮಾಣ ದೊಡ್ಡದು. ಆದರೆ ದಾರಿಯಲ್ಲಿ ವಾಹನಗಳು ಕಿಕ್ಕಿರಿದಿದ್ದರೆ ಹುಡುಗನೇ ಮೊದಲು ಮುಟ್ಟುವನು. ಸಿನಿಮಾ ನೋಡುವವನಿಗೆ ಲಾರಿ ಬೇಕು. ಆಟವಾಡುವವನಿಗೆ ಬೇಕಾದುದು ಚೀಟಿ.

ಲೆಕ್ಕ ಮಾಡಿ ನೋಡೋಣ. ಆಟದ ಒಂದು ಸುದ್ದಿಯ ಪೊಟ್ಟಣ 100 ಬೈಟಿನಷ್ಟಿದ್ದು, ಸೆಕೆಂಡಿಗೆ 60 ಸಲ ಹೊರಡುವುದೆಂದು ಇಟ್ಟುಕೊಳ್ಳೋಣ. 100 ಬೈಟೆಂದರೆ 800 ಬಿಟ್ಟು. 60ರಿಂದ ಗುಣಿಸಿದರೆ ಸೆಕೆಂಡಿಗೆ 48,000 ಬಿಟ್ಟು. ಅತಿ ಅಗ್ಗದ ಜಾಲವೂ ಇಂದು ಸೆಕೆಂಡಿಗೆ 10 ಕೋಟಿ ಬಿಟ್ಟುಗಳನ್ನು ಸಾಗಿಸಬಲ್ಲುದು. ಎಂದರೆ ಎಂಟು ಮಂದಿಯಲ್ಲ, ಎಂಬತ್ತು ಮಂದಿ ಆಡಿದರೂ ಪ್ರಮಾಣಕ್ಕೆ ಕೊರತೆಯಿಲ್ಲ. ಕೊರತೆ ಬೀಳುವುದು ಹೊತ್ತಿಗೆ. ಸೆಕೆಂಡಿಗೆ 60 ಸಲ ಕಣವನ್ನು ತಿದ್ದುವ ಆಟದಲ್ಲಿ ಒಂದು ತಿದ್ದುಪಡಿಗೂ ಇನ್ನೊಂದಕ್ಕೂ ನಡುವೆ ಇರುವುದು ಸುಮಾರು 17 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಹದಿನೇಳು ಭಾಗ. ಅದರೊಳಗಾಗಿ ಸುದ್ದಿ ತಲಪಿದರೆ ಆಟ ಸಲೀಸು.

ಗಾಜಿನ ಎಳೆಯಲ್ಲಾಗಲಿ ತಾಮ್ರದ ತಂತಿಯಲ್ಲಾಗಲಿ ಸಂಕೇತವು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ವೇಗದಲ್ಲಿ ಸಾಗುತ್ತದೆ. ನಡುಮನೆಯ 20 ಮೀಟರು ತಂತಿಯನ್ನು ದಾಟಲು ಅದಕ್ಕೆ ಬೇಕಾದ ಕಾಲ ಸೆಕೆಂಡಿನ ಕೋಟಿಯಲ್ಲೊಂದು ಭಾಗ. ಅದೇ ಆಟದ ಯಜಮಾನ ಯಂತ್ರವು ಸಿಂಗಪುರದಲ್ಲಿದ್ದರೆ ಹೋಗಿ ಬರುವ ದಾರಿ 6,000 ಕಿಲೋಮೀಟರಿಗೂ ಮಿಗಿಲು. ದಾರಿಯಲ್ಲಿ ಎಲ್ಲಿಯೂ ನಿಲ್ಲದಿದ್ದರೂ 30 ಮಿಲಿಸೆಕೆಂಡು ಬೇಕೇ ಬೇಕು. ಹಣ ಹೆಚ್ಚು ತೆತ್ತು ಹೆಚ್ಚು ಮೆಗಾಬಿಟ್ಟನ್ನು ಕೊಂಡರೂ ಈ ಕಾಲವನ್ನು ಕಡಮೆ ಮಾಡಲಾಗದು. ಅದು ಬೆಳಕಿನ ವೇಗಕ್ಕೆ ಸಂಬಂಧಪಟ್ಟ ಮಾತು. ಒಂದೇ ಕೋಣೆಯಲ್ಲಿ ಮೊಳಕೈ ತಗಲುವಂತೆ ಕುಳಿತ ಇಬ್ಬರ ಸುದ್ದಿ ಸಮುದ್ರ ದಾಟಿ ಹಿಂದಿರುಗಬೇಕೇಕೆ? ಅದು ಮನೆಯೊಳಗೇ ತಿರುಗಲಿ ಎಂಬುದೇ ಮನೆಯ ಜಾಲದ ಮೂಲತತ್ತ್ವ.

ಇಲ್ಲಿ ಒಂದು ಎಚ್ಚರಿಕೆ. ಎಲ್ಲ ಆಟಗಳೂ ಮನೆಯ ಜಾಲಕ್ಕೆ ಒಪ್ಪುವುದಿಲ್ಲ. 1998ರ 'ಸ್ಟಾರ್‌ಕ್ರಾಫ್ಟ್' ಒಪ್ಪುತ್ತಿತ್ತು. 2010ರಲ್ಲಿ ಬಂದ ಅದರ ಎರಡನೆಯ ಆಟದಲ್ಲಿ ಆ ಸೌಕರ್ಯವನ್ನು ಬಿಟ್ಟರು. 'ಮೈನ್‌ಕ್ರಾಫ್ಟ್' ಆಟದ ಜಾವಾ ಆವೃತ್ತಿಯಲ್ಲಿ ಅದು ಉಂಟು. ಆಡಬೇಕೆಂದಿರುವ ಆಟ ಯಾವ ಬಗೆಯದೆಂಬುದನ್ನು ಮುಂಚೆಯೇ ವಿಚಾರಿಸಿಕೊಳ್ಳತಕ್ಕದ್ದು.

ಗಾಳಿಯೋ ತಂತಿಯೋ?

"ಮನೆಯಲ್ಲಿ ವೈಫೈ ಇದೆಯಲ್ಲ, ತಂತಿಯೇಕೆ?" ಎಂದು ವಾಚಕರು ಕೇಳಬಹುದು. ಉತ್ತರಕ್ಕೆ ಸ್ವಲ್ಪ ಚರಿತ್ರೆ ಬೇಕು. 1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಸಂಗಡಿಗರು ದ್ವೀಪದಿಂದ ದ್ವೀಪಕ್ಕೆ ರೇಡಿಯೋ ಮೂಲಕ ಗಣಕಗಳನ್ನು ಕೂಡಿಸಿದರು. ಆ ಜಾಲಕ್ಕೆ 'ಅಲೋಹಾ' ಎಂದು ಹೆಸರು. ಎಲ್ಲರೂ ಒಂದೇ ಗಾಳಿಯಲ್ಲಿ ಮಾತನಾಡಬೇಕಾದುದರಿಂದ ಇಬ್ಬರು ಒಮ್ಮೆಲೇ ಬಾಯಿ ತೆರೆದರೆ ಎರಡು ಮಾತೂ ಕೆಡುತ್ತಿದ್ದವು. ಆಗ ಇಬ್ಬರೂ ಸ್ವಲ್ಪ ತಾಳಿ ಪುನಃ ಹೇಳಬೇಕು. 1973ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ ಈ ವಿಚಾರವನ್ನು ತಂತಿಗೆ ಅಳವಡಿಸಿ, ಡೇವಿಡ್ ಬಾಗ್ಸ್ ಜೊತೆಯಲ್ಲಿ 'ಈಥರ್ನೆಟ್' ಎಂಬ ಜಾಲವನ್ನು ನಿರ್ಮಿಸಿದರು. ಮೊದಲು ಅದರಲ್ಲಿಯೂ ಎಲ್ಲರಿಗೂ ಸೇರಿ ಒಂದೇ ತಂತಿ. ಮಾತಾಡುವ ಮುನ್ನ ಕಿವಿಗೊಟ್ಟು ಕೇಳಬೇಕೆಂಬ ನಿಯಮವಿತ್ತು. ಅನಂತರ 'ಸ್ವಿಚ್ಚು' ಎಂಬ ಪೆಟ್ಟಿಗೆ ಬಂದಿತು. ದೀಪದ ಸ್ವಿಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಒಂದೊಂದು ಯಂತ್ರದಿಂದಲೂ ಅದಕ್ಕೆ ಪ್ರತ್ಯೇಕ ತಂತಿ. ಆ ತಂತಿಯಲ್ಲಿ ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ಅವಕಾಶ. ಪೆಟ್ಟಿಗೆಯು ಬಂದ ಪೊಟ್ಟಣದ ಮೇಲಿನ ವಿಳಾಸವನ್ನು ಓದಿ, ಸೇರಬೇಕಾದವನಿಗೆ ಮಾತ್ರ ಅದನ್ನು ದಾಟಿಸುತ್ತದೆ.

ಎಂದರೆ ತಂತಿಯ ಜಾಲದಲ್ಲಿ ಪರಸ್ಪರ ಅಡ್ಡಿ ಹೋಯಿತು. ಗಾಳಿಯಲ್ಲಿ ಅದು ಹೋಗಿಲ್ಲ. ವೈಫೈಯಲ್ಲಿ ಒಂದು ಕಾಲುವೆಯನ್ನು ಹಂಚಿಕೊಂಡವರು ಇಂದಿಗೂ ಸರದಿಗಾಗಿ ಕಾಯಬೇಕು. ಪಕ್ಕದ ಮನೆಯವರ ಯಂತ್ರಗಳೂ ಆ ಸರದಿಯಲ್ಲಿ ನಿಂತಿರುತ್ತವೆ. ಜೊತೆಗೆ ಹಳೆಯ ಮನೆಯ ಗೋಡೆ ಇದೆ. ವೈಫೈ ಬಳಸುವ ಅಲೆಗಳ ಉದ್ದ ಒಂದು ಪಟ್ಟಿಯಲ್ಲಿ ಸುಮಾರು 12 ಸೆಂಟಿಮೀಟರು, ಇನ್ನೊಂದರಲ್ಲಿ ಸುಮಾರು 6 ಸೆಂಟಿಮೀಟರು. ಅಡಿಗೂ ಮಿಗಿಲಾದ ಇಟ್ಟಿಗೆ ಗಾರೆಗಳ ಗೋಡೆಯನ್ನು ದಾಟುವಾಗ ಇವು ಬಹಳ ಕುಂದುತ್ತವೆ. ಮೋಟು ಅಲೆಗಳು ಇನ್ನೂ ಹೆಚ್ಚು ಕುಂದುತ್ತವೆ. ಮುಂದಿನ ಕೋಣೆಯಲ್ಲಿ ರೂಟರಿನ ಬಳಿ ಕುಳಿತವನಿಗೆ ಸುದ್ದಿ 2 ಮಿಲಿಸೆಕೆಂಡಿನಲ್ಲಿ ಬಂದರೆ, ಎರಡು ಗೋಡೆಗಳಾಚೆ ಕುಳಿತವನಿಗೆ ಒಮ್ಮೆ 5, ಒಮ್ಮೆ 50 ಆಗಬಹುದು. ಸರಾಸರಿಗಿಂತಲೂ ಈ ಏರಿಳಿತವೇ ಆಟಕ್ಕೆ ಹೆಚ್ಚು ಹಾನಿಕರ. ಏಕೆಂದರೆ ಸಮನಾದ ವಿಳಂಬಕ್ಕೆ ಕೈ ಹೊಂದಿಕೊಳ್ಳುತ್ತದೆ, ಏರಿಳಿತಕ್ಕೆ ಹೊಂದಿಕೊಳ್ಳದು. ಆದುದರಿಂದ ಆಡುವ ಯಂತ್ರಗಳಿಗೆಲ್ಲ ತಂತಿ, ನೋಡುವವರ ಫೋನುಗಳಿಗೆ ವೈಫೈ ಎಂದು ವಿಭಾಗ ಮಾಡುವುದು ಸರಿ.

ಸಾಮಗ್ರಿ

ಎಂಟು ಮಂದಿ ಆಡುವವರೆಂದು ಇಟ್ಟುಕೊಂಡರೆ ಎಂಟು ಕಂಡಿಗಳ ಸ್ವಿಚ್ಚು ಸಾಕೆಂದು ತೋರುತ್ತದೆ. ಆದರೆ ಒಂದು ಕಂಡಿ ರೂಟರಿನ ತಂತಿಗೆ ಹೋಗುವುದರಿಂದ ಏಳೇ ಉಳಿಯುವುವು. 16 ಕಂಡಿಗಳದನ್ನಾದರೂ ತರಬೇಕು, ಇಲ್ಲವೆ 8 ಕಂಡಿಗಳ ಎರಡನ್ನು ಕೂಡಿಸಬೇಕು. ಎರಡನ್ನು ಕೂಡಿಸುವ ತಂತಿ ಎರಡು ಕಂಡಿಗಳನ್ನೂ ರೂಟರು ಒಂದನ್ನೂ ತೆಗೆದುಕೊಂಡರೆ 13 ಮಿಗುತ್ತವೆ. ಹಳೆಯ ಮನೆಗೆ ಎರಡನೆಯ ಕ್ರಮವೇ ಅನುಕೂಲ: ನಡುಮನೆಯಲ್ಲೊಂದು, ಕೋಣೆಯಲ್ಲೊಂದು, ನಡುವೆ ಗೋಡೆಯನ್ನು ದಾಟುವುದು ಒಂದೇ ತಂತಿ. ಸೆಕೆಂಡಿಗೆ ಒಂದು ಗಿಗಾಬಿಟ್ಟು ಸಾಗಿಸುವ ಸ್ವಿಚ್ಚನ್ನೇ ಆರಿಸಬೇಕು.

ತಂತಿ 'ಕ್ಯಾಟ್ 5ಇ' ಅಥವಾ 'ಕ್ಯಾಟ್ 6' ದರ್ಜೆಯದಾಗಿರಲಿ. ಚಾಮರಾಜಪೇಟೆಯಿಂದ ಸಿಟಿ ಮಾರುಕಟ್ಟೆಯನ್ನು ದಾಟಿ ಎಸ್. ಪಿ. ರಸ್ತೆಗೆ ಹೋದರೆ ಇವೆಲ್ಲವೂ ದೊರೆಯುವುವು. ಈ ತಂತಿಯನ್ನು ಸೀಳಿ ನೋಡಿದರೆ ಎಂಟು ಎಳೆಗಳು ಎರಡೆರಡಾಗಿ ಹೆಣೆದುಕೊಂಡಿರುವುದು ಕಾಣುತ್ತದೆ. ಇದು ಅಂದಕ್ಕಾಗಿ ಮಾಡಿದ ಹೆಣಿಗೆಯಲ್ಲ. ಜೋಡಿಯ ಎರಡು ಎಳೆಗಳಲ್ಲಿ ಸಂಕೇತ ಒಂದಕ್ಕೊಂದು ವಿರುದ್ಧವಾಗಿರುತ್ತದೆ. ತುದಿಯಲ್ಲಿರುವ ಯಂತ್ರ ಎರಡರ ವ್ಯತ್ಯಾಸವನ್ನು ಮಾತ್ರ ಗಮನಿಸುತ್ತದೆ. ಹೊರಗಿನ ಗದ್ದಲ ಹೆಣೆದ ಎರಡು ಎಳೆಗಳ ಮೇಲೂ ಸಮನಾಗಿ ಬೀಳುವುದರಿಂದ ವ್ಯತ್ಯಾಸದಲ್ಲಿ ಅಳಿಸಿಹೋಗುತ್ತದೆ. ಆದುದರಿಂದ ತುದಿಗೆ ಪ್ಲಗ್ಗು ಕೂಡಿಸುವಾಗ ಹೆಣಿಗೆಯನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಬಾರದು. ಎರಡು ತುದಿಗಳಲ್ಲಿಯೂ ಬಣ್ಣಗಳ ಕ್ರಮ ಒಂದೇ ಇರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಒಂದು ಎಳೆ ತುಂಡಾದರೂ ಗಿಗಾಬಿಟ್ಟು ವೇಗ ಬಾರದು, ಏಕೆಂದರೆ ಅದಕ್ಕೆ ನಾಲ್ಕು ಜೋಡಿಗಳೂ ಬೇಕು. 100 ಮೆಗಾಬಿಟ್ಟಿಗೆ ಎರಡೇ ಜೋಡಿ ಸಾಕು.

ಒಂದು ತಂತಿಯ ಉದ್ದಕ್ಕೆ 100 ಮೀಟರು ಮಿತಿ. ಮನೆಯಲ್ಲಿ ಆ ಭಯವಿಲ್ಲ. ಗಾರೆಯ ಗೋಡೆಯನ್ನು ಕೊರೆಯುವುದೂ ಬೇಡ. ಬಾಗಿಲ ಮೇಲಿನ ಗವಾಕ್ಷಿಯ ಮೂಲಕ ತಂತಿಯನ್ನು ದಾಟಿಸಿ, ಗೋಡೆಯ ಬುಡದಲ್ಲಿ ಸಾಗಿಸಬಹುದು. ಜನ ಓಡಾಡುವ ಕಡೆ ನೆಲದ ಮೇಲೆ ಅಡ್ಡಲಾಗಿ ಬಿಡಬಾರದು. ವಿದ್ಯುತ್ತಿನ ತಂತಿಯ ಮಗ್ಗುಲಲ್ಲೇ ಒಯ್ಯದೆ ಒಂದಡಿಯಷ್ಟು ದೂರವಿಡಬೇಕು; ದಾಟಲೇಬೇಕಾದರೆ ನೇರ ಅಡ್ಡಲಾಗಿ ದಾಟಿಸಬೇಕು.

ವಠಾರದ ವಿಳಾಸ

ಪ್ರತಿಯೊಂದು ಯಂತ್ರಕ್ಕೂ ಜಾಲದಲ್ಲಿ ಒಂದು ವಿಳಾಸ ಬೇಕು. ಇದನ್ನು ತಿಳಿಯುವುದಕ್ಕೆ ಬೆಂಗಳೂರಿನ ವಠಾರಕ್ಕಿಂತ ಒಳ್ಳೆಯ ದೃಷ್ಟಾಂತ ಬೇರೆಯಿಲ್ಲ. ವಠಾರದೊಳಗೆ ಹತ್ತು ಮನೆಗಳಿದ್ದರೂ ಬೀದಿಗೆ ಇರುವುದು ಒಂದೇ ಬಾಗಿಲು, ಒಂದೇ ನಂಬರು. ಒಳಗಿನವರು ಒಬ್ಬರಿಗೊಬ್ಬರು ಸುದ್ದಿ ಹೇಳಲು ಬೀದಿಗೆ ಬರಬೇಕಾಗಿಲ್ಲ. ನಮ್ಮ ಜಾಲದಲ್ಲಿ ಬೀದಿಬಾಗಿಲು ಎಂದರೆ ರೂಟರು. ಒಳಗಿನ ವಿಳಾಸ 192.168.1.5 ಎಂಬಂತೆ ಇರುತ್ತದೆ. ಸಾಮಾನ್ಯ ಏರ್ಪಾಡಿನಲ್ಲಿ ಮೊದಲ ಮೂರು ಅಂಕಿಗಳು ವಠಾರದ ಹೆಸರು. ಕೊನೆಯದು ಒಳಮನೆಯ ಸಂಖ್ಯೆ. ಈ ಬಗೆಯ ವಿಳಾಸಗಳನ್ನು ಒಳಬಳಕೆಗೆಂದೇ ಮೀಸಲಿಡುವ ನಿಯಮ 1996ರಲ್ಲಿ ಈಗಿನ ರೂಪಕ್ಕೆ ಬಂದಿತು. ಮಲ್ಲೇಶ್ವರದ ಒಂದು ಮನೆಯಲ್ಲಿಯೂ ಚಾಮರಾಜಪೇಟೆಯ ಇನ್ನೊಂದು ಮನೆಯಲ್ಲಿಯೂ ಇದೇ ವಿಳಾಸವಿದ್ದರೆ ಬಾಧಕವಿಲ್ಲ. ಎಲ್ಲ ಮನೆಗಳಲ್ಲಿಯೂ 'ಅಡಿಗೆಮನೆ' ಇಲ್ಲವೆ?

ಬಂದ ಯಂತ್ರಗಳಿಗೆ ಸಂಖ್ಯೆಯನ್ನು ಹಂಚುವ ಕೆಲಸವನ್ನೂ ರೂಟರೇ ಮಾಡುತ್ತದೆ. ಹಂಚುವವನು ಒಬ್ಬನೇ ಇರಬೇಕು. ಗೆಳೆಯನೊಬ್ಬನು ತನ್ನ ರೂಟರನ್ನೂ ತಂದು ಸೇರಿಸಿದರೆ ಇಬ್ಬರು ಯಜಮಾನರಾಗಿ ವಠಾರ ಕೆಡುವುದು. ಯಂತ್ರದ ವಿಳಾಸ 169.254 ಎಂದು ಮೊದಲಾಗಿದ್ದರೆ, ಸಂಖ್ಯೆ ಕೊಡುವವರು ಸಿಕ್ಕದೆ ಯಂತ್ರವು ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ಅರ್ಥ. ಆಗ ಮೊದಲು ತಂತಿಯನ್ನು ಪರೀಕ್ಷಿಸಿ.

ವಠಾರದಲ್ಲಿ ಕೆಲವು ಸುದ್ದಿಗಳನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳುವುದುಂಟು. ಜಾಲದಲ್ಲಿಯೂ ಹಾಗೆಯೇ. ಕೂಗು ಮಿತಿಮೀರಿದರೆ ಕೆಲಸ ಕೆಡುತ್ತದೆ. 1993ರ ಡಿಸೆಂಬರಿನಲ್ಲಿ ಬಂದ 'ಡೂಮ್' ಎಂಬ ಆಟದ ಮೊದಲ ಆವೃತ್ತಿ ತನ್ನ ಸುದ್ದಿಯನ್ನೆಲ್ಲ ಹೀಗೆ ಕೂಗಿಯೇ ಹೇಳುತ್ತಿತ್ತು. ಅದರಿಂದ ಕಚೇರಿ ಕಾಲೇಜುಗಳ ಜಾಲಗಳು ತತ್ತರಿಸಿದುದರಿಂದ ಮುಂದಿನ ಆವೃತ್ತಿಗಳಲ್ಲಿ ಆ ಕ್ರಮವನ್ನು ತಿದ್ದಿದರು. ಒಂದೇ ತಂತಿಯ ಎರಡು ತುದಿಗಳನ್ನೂ ಮರೆತು ಒಂದೇ ಸ್ವಿಚ್ಚಿಗೆ ಸಿಕ್ಕಿಸಿದರೂ ಇದೇ ಗತಿ: ಒಂದು ಕೂಗು ಸುತ್ತಿ ಸುತ್ತಿ ಮರಳಿ, ಕ್ಷಣಮಾತ್ರದಲ್ಲಿ ಜಾಲವನ್ನೆಲ್ಲ ತುಂಬಿಬಿಡುವುದು. ಅಗ್ಗದ ಸ್ವಿಚ್ಚುಗಳಲ್ಲಿ ಇದಕ್ಕೆ ತಡೆಯಿಲ್ಲ. ತಂತಿಗಳಿಗೆ ಚೀಟಿ ಅಂಟಿಸಿ ಗುರುತು ಹಾಕುವುದೇ ಇದಕ್ಕೆ ಪರಿಹಾರ.

ಹಿಂದಿನ ದಿನದ ಕೆಲಸ

ಎಲ್ಲರ ಯಂತ್ರದಲ್ಲಿಯೂ ಆಟದ ಒಂದೇ ಆವೃತ್ತಿ ಇರಬೇಕು. ಇಲ್ಲಿ ಮಾತ್ರ ಪ್ರಮಾಣಕ್ಕೆ ಬೆಲೆ ಬರುತ್ತದೆ. ಒಂದು ಆಟ 50 ಗಿಗಾಬೈಟಿನಷ್ಟಿದೆಯೆನ್ನೋಣ. ಸೆಕೆಂಡಿಗೆ 50 ಮೆಗಾಬಿಟ್ಟಿನ ಅಂತರಜಾಲದಿಂದ ಅದನ್ನು ತರಿಸಲು ಎರಡು ಗಂಟೆಗೂ ಮಿಗಿಲಾದ ಕಾಲ ಬೇಕು. ಎಂಟು ಮಂದಿಯೂ ಒಮ್ಮೆಲೇ ತೊಡಗಿದರೆ ಹದಿನೇಳು ಗಂಟೆಗೂ ಹೆಚ್ಚು. ಒಬ್ಬನು ತರಿಸಿದುದನ್ನು ಗಿಗಾಬಿಟ್ಟು ತಂತಿಯಲ್ಲಿ ಇನ್ನೊಬ್ಬನಿಗೆ ಸಾಗಿಸಲು ಏಳು ನಿಮಿಷವಾದರೆ ಸಾಕು. ಆದರೂ ಈ ಕೆಲಸವನ್ನು ಹಿಂದಿನ ದಿನವೇ ಮುಗಿಸುವುದು ವಿವೇಕ.

ಜಾಲ ಸಿದ್ಧವಾದ ಮೇಲೆ ಒಂದು ಯಂತ್ರವನ್ನು ಆಟದ ಯಜಮಾನನನ್ನಾಗಿ ಗೊತ್ತುಮಾಡಿ, ಅದರ ವಿಳಾಸವನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿರಿ. ಬೇರೆ ಯಂತ್ರಗಳಿಂದ 'ಪಿಂಗ್' ಎಂಬ ಆಜ್ಞೆಯನ್ನು ಆ ವಿಳಾಸಕ್ಕೆ ಕೊಟ್ಟರೆ, ಸುದ್ದಿ ಹೋಗಿ ಬಂದ ಕಾಲ ತೋರುವುದು. ತಂತಿಯ ಜಾಲದಲ್ಲಿ ಅದು 1 ಮಿಲಿಸೆಕೆಂಡಿನ ಒಳಗಿರಬೇಕು. ಉತ್ತರವೇ ಬಾರದಿದ್ದರೆ ಕ್ರಮವಾಗಿ ಹೀಗೆ ನೋಡಿ: ಕಂಡಿಯ ಪಕ್ಕದ ಪುಟ್ಟ ದೀಪ ಹೊತ್ತಿದೆಯೆ? ವಿಳಾಸದ ಮೊದಲ ಮೂರು ಅಂಕಿಗಳು ಎಲ್ಲರಲ್ಲಿಯೂ ಒಂದೇ ಆಗಿವೆಯೆ? ಯಂತ್ರದ ಕಾವಲು ತಂತ್ರವಾದ 'ಫೈರ್‌ವಾಲ್' ತಡೆಯುತ್ತಿದೆಯೆ? ಕಾವಲನ್ನು ಪೂರ್ತಿ ತೆಗೆದುಹಾಕಬಾರದು. ಇದು ಮನೆಯ ಜಾಲವೆಂದು ಅದಕ್ಕೆ ತಿಳಿಸಿ, ಆ ಆಟಕ್ಕೆ ಮಾತ್ರ ಅನುಮತಿ ಕೊಟ್ಟರೆ ಸಾಕು.

ವಿದ್ಯುತ್ತಿನ ಲೆಕ್ಕ

ಜಾಲ ಕೆಟ್ಟರೆ ಆಟ ಕೆಡುತ್ತದೆ, ಅಷ್ಟೆ. ವಿದ್ಯುತ್ತಿನ ಲೆಕ್ಕ ತಪ್ಪಿದರೆ ಮನೆಗೇ ಅಪಾಯ. ಬೆಂಗಳೂರಿಗೆ 1905ರಲ್ಲಿ ಶಿವನಸಮುದ್ರದಿಂದ ದೀಪದ ವಿದ್ಯುತ್ತು ಬಂದಿತು. ಹಳೆಯ ಮನೆಗಳ ಒಳತಂತಿಗಳನ್ನು ದೀಪ, ಫ್ಯಾನು, ರೇಡಿಯೋಗಳನ್ನು ನೆನೆದು ಎಳೆದರೇ ಹೊರತು ಎಂಟು ಗಣಕಗಳನ್ನು ನೆನೆದಲ್ಲ. ತೆರೆಯೊಡನೆ ಸೇರಿ 400 ವಾಟಿನ ನಾಲ್ಕು ದೊಡ್ಡ ಯಂತ್ರಗಳೂ, 150 ವಾಟಿನ ನಾಲ್ಕು ಲ್ಯಾಪ್‌ಟಾಪುಗಳೂ ಇದ್ದರೆ ಒಟ್ಟು 2,200 ವಾಟು. 230 ವೋಲ್ಟಿನಿಂದ ಭಾಗಿಸಿದರೆ ಒಂಬತ್ತೂವರೆ ಆಂಪೇರು. ಹಳೆಯ 5 ಆಂಪೇರು ಸಾಕೆಟ್ಟು ತಾಳುವುದು 1,150 ವಾಟನ್ನು ಮಾತ್ರ. ಒಂದೇ ಸಾಕೆಟ್ಟಿಗೆ ಉದ್ದನೆಯ ಬೋರ್ಡು ಸಿಕ್ಕಿಸಿ ಎಂಟನ್ನೂ ತಗುಲಿಸಿದರೆ ತಂತಿ ಕಾಯುವುದು. ನಿರೋಧಕ ಹೊದಿಕೆ ಕರಗಿ ಬೆಂಕಿ ಹೊತ್ತುವ ಸಂಭವವುಂಟು.

ದೊಡ್ಡ ಯಂತ್ರಗಳನ್ನು 16 ಆಂಪೇರು ಸಾಕೆಟ್ಟಿನಿಂದ, ಅದಕ್ಕೆ ತಕ್ಕ ದಪ್ಪ ತಂತಿಯ ಬೋರ್ಡಿನ ಮೂಲಕ ನಡೆಸಬೇಕು. ಲ್ಯಾಪ್‌ಟಾಪುಗಳನ್ನು ಬೇರೆ ಫ್ಯೂಸಿಗೆ ಸೇರಿದ ಸಾಕೆಟ್ಟಿಗೆ ಕೊಡಬೇಕು. ಒಂದೇ ಕೋಣೆಯ ಎರಡು ಸಾಕೆಟ್ಟುಗಳು ಹೆಚ್ಚಾಗಿ ಒಂದೇ ಫ್ಯೂಸಿಗೆ ಸೇರಿರುತ್ತವೆಂಬುದನ್ನು ಮರೆಯಬಾರದು. ಫ್ಯೂಸು ಹೋದರೆ ದಪ್ಪ ತಂತಿ ಕಟ್ಟುವುದು ಕಾವಲುಗಾರನ ಕಣ್ಣು ಕಟ್ಟಿದಂತೆ. ಮೂರು ಪಿನ್ನಿನ ಪ್ಲಗ್ಗಿನ ಮೇಲಿನ ಪಿನ್ನು ನೆಲದ ಸಂಪರ್ಕಕ್ಕಾಗಿ ಇರುವುದು. ಅದನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಹಾಕುವುದು ಪ್ರಾಣಾಪಾಯಕರ. ನೆಲಸಂಪರ್ಕ ಸರಿಯಿದೆಯೆ ಎಂಬುದನ್ನು ತಿಳಿದ ಕೆಲಸಗಾರರಿಂದ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಿ. ಬೇಸಗೆಯ ಮಳೆಗೆ ದೀಪ ಹೋಗುವ ಸಂಜೆಗಳಲ್ಲಿ ಸ್ವಿಚ್ಚು, ರೂಟರು, ಯಜಮಾನ ಯಂತ್ರ ಈ ಮೂರಕ್ಕೆ ಯು.ಪಿ.ಎಸ್. ಇದ್ದರೆ, ಆಡಿದ ಆಟವನ್ನು ಉಳಿಸಿಟ್ಟು ನಿಲ್ಲಿಸುವಷ್ಟು ಬಿಡುವು ಸಿಗುತ್ತದೆ.

ಒಂದು ಪ್ರಯೋಗ

ನಮ್ಮ ದೇಶದ ವಿದ್ಯಾಸಂಸ್ಥೆಗಳನ್ನು ಕೂಡಿಸಲು 1986ರಲ್ಲಿ 'ಅರ್ನೆಟ್' ಯೋಜನೆ ಮೊದಲಾದಾಗ, ಮಲ್ಲೇಶ್ವರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಮಂದಿರವು ಅದರ ಎಂಟು ಭಾಗಿಗಳಲ್ಲಿ ಒಂದಾಗಿತ್ತು. ವಿಳಾಸ, ಪೊಟ್ಟಣ, ವಿಳಂಬ ಎಂಬ ಅಂದಿನ ವಿಷಯಗಳೇ ಇಂದು ನಡುಮನೆಯ ಜಾಲದಲ್ಲಿಯೂ ಇವೆ. ಅಳತೆ ಮಾತ್ರ ಚಿಕ್ಕದು. ಆದುದರಿಂದ ಆಟದ ನಡುವೆ ಒಂದು ಪರೀಕ್ಷೆಯನ್ನು ಮಾಡಿ ನೋಡಬಹುದು. ಸಮಬಲರಾದ ಇಬ್ಬರನ್ನು ಆರಿಸಿ. ಇಬ್ಬರೂ ತಂತಿಯಲ್ಲಿ ಹತ್ತು ಪಂದ್ಯಗಳನ್ನಾಡಲಿ. ಅನಂತರ ಒಬ್ಬನನ್ನು ತಂತಿ ಬಿಡಿಸಿ ಹಿಂದಿನ ಕೋಣೆಯಲ್ಲಿ ವೈಫೈ ಮೇಲೆ ಕೂರಿಸಿ ಹತ್ತು. ಬಳಿಕ ಇಬ್ಬರ ಸ್ಥಾನವನ್ನೂ ಬದಲಿಸಿ ಮತ್ತೆ ಹತ್ತು. ಪ್ರತಿ ಸಲವೂ ಪಿಂಗ್ ತೋರಿಸಿದ ಕಾಲವನ್ನೂ ಗೆದ್ದವನ ಹೆಸರನ್ನೂ ಬರೆದಿಡಿ. ಸ್ಥಾನ ಬದಲಾದಂತೆ ಗೆಲವೂ ಬದಲಾದರೆ, ಗೆದ್ದುದು ಆಟಗಾರನಲ್ಲ, ತಂತಿ. ಹಾಗಿದ್ದಲ್ಲಿ ಮುಂದಿನ ಸಂಜೆಯ ಹೊತ್ತಿಗೆ ಎಲ್ಲರಿಗೂ ತಂತಿಯನ್ನು ಒದಗಿಸುವುದು ಮನೆಯವರ ಕರ್ತವ್ಯ.